ಕೋಟೆಯೊಳಗಿನ ಲಾಲ್‌ಬಾಗ್, ಊರಡಿಯ ಸುರಂಗ

ಲಾಲ್‌ಬಾಗ್‌ಗೆ ಹೋಗೋಣ ಬರ್ರಿ ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರೂ ಬೆಂಗಳೂರು ಟ್ರೈನ್ ಎಷ್ಟಕ್ಕೆ ಅಂತ ಕೇಳ್ತಾರೆ. ನಾನು ಹೇಳ್ತಿರೋದು ನಮ್ಮ ಬೀದರ್ ಕೋಟೆಯೊಳಗಿನ ಲಾಲ್‌ಬಾಗ್. ಬೆಂಗಳೂರಿನ ತೋಟವನ್ನು ಹೈದರ್ ಅಲಿ ಶುರು ಮಾಡಿದ್ದು 1760ರಲ್ಲಿ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಿದ್ದು ಅದಕ್ಕೂ ಮುನ್ನೂರು ವರ್ಷ ಮೊದಲು.

ಗುಂಬಜ್ ದರ್ವಾಜಾ ದಾಟಿ ಒಳಗೆ ಹೋದರೆ ರಂಗೀನ್ ಮಹಲ್ ಸಿಗುತ್ತದೆ. ಬೀಗ ಇದ್ದರೆ ಹತ್ತಿರದ ಮ್ಯೂಸಿಯಂನಲ್ಲಿ ವಿಚಾರಿಸಿ. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡದೇ ಬರಬೇಡಿ. ಆ ಮ್ಯೂಸಿಯಂ ಕಟ್ಟಡವೇ ಹಿಂದೆ ಅರಮನೆಯ ಹಮಾಮು, ಅಂದರೆ ಸ್ನಾನದ ಮನೆ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಸೋಲಾ ಕಂಬ ಮಸೀದಿ, ಅದರ ಮುಂದೆ ಲಾಲ್‌ಬಾಗ್. ಹುಲ್ಲು, ಗಿಡ, ನಡುವೆ ಕಲ್ಲಿನ ತೊಟ್ಟಿ, ನೇರವಾದ ಕಾಲುವೆ. ನಾವು ಅಲ್ಲಿ ಸೆಲ್ಫಿ ತೆಗೆದು ಹೊರಡ್ತೀವಿ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಎತ್ತರದ ಕೆಂಪು ಕಲ್ಲಿನ ಮೇಲೆ ತೋಟಕ್ಕೆ, ಹಮಾಮಿಗೆ ನೀರು ಎಲ್ಲಿಂದ?

ಜಪಾನಿನ ಒಕಯಾಮಾದಲ್ಲೂ ಕೋಟೆಯ ಪಕ್ಕ ಕೊರಾಕುಯೆನ್ ಅಂತ ಒಂದು ತೋಟ ಇದೆ. 1700ರಲ್ಲಿ ಮುಗಿದದ್ದು. ಅಲ್ಲಿ ನದಿಯೇ ಪಕ್ಕದಲ್ಲಿ ಹರಿಯುತ್ತದೆ. ಹಾಗಾಗಿ ತೊರೆಯನ್ನು ಕಾಡಿನಲ್ಲಿ ಹರಿದಂತೆ ಬಳಸಿ ಬಳಸಿ ಬಿಟ್ಟಿದ್ದಾರೆ, ನದಿಯಾಚೆಯ ಕೋಟೆಯನ್ನೂ ತೋಟದ ನೋಟಕ್ಕೆ ಸೇರಿಸಿಕೊಂಡಿದ್ದಾರೆ. ನಮ್ಮದು ಪರ್ಷಿಯಾದ ಪದ್ಧತಿ. ಬರಡು ನಾಡಿನಲ್ಲಿ ಹುಟ್ಟಿದ ಈ ತೋಟಗಳಲ್ಲಿ ನೀರು ಗೆರೆ ಎಳೆದಂತೆ ಹೋಗುತ್ತದೆ. ನೀರೇ ಅಲ್ಲಿ ಒಡವೆ. ನನಗಂತೂ ಈ ಗೆರೆಯೇ ಇಷ್ಟ; ಬಹುಶಃ ಸಿವಿಲ್ ಓದೋದರ ಪರಿಣಾಮ ಇರಬೇಕು!

ಆ ಪರ್ಷಿಯಾದವರೇ ತಂದ ಇನ್ನೊಂದು ವಿದ್ಯೆ ಊರ ಹೊರಗೆ ನೌಬಾದ್‌ನಲ್ಲಿದೆ. ಅದೇ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಔರಾದ್, ಭಾಲ್ಕಿ ಕಡೆಯಿಂದ ಬರೋರಿಗೆ ಕಪ್ಪು ಮಣ್ಣು ಗೊತ್ತು. ಬೀದರ್ ಊರು ಮಾತ್ರ ಜಂಬಿಟ್ಟಿಗೆಯ, ಅಂದರೆ ಲ್ಯಾಟರೈಟ್ ಕಲ್ಲಿನ ಮೇಲೆ ಕೂತಿದೆ. ತೂತು ತೂತಾದ ಈ ಕಲ್ಲು ಮಳೆ ನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಕೆಳಗಿರುವ ಗಟ್ಟಿ ಬಸಾಲ್ಟ್ ಆ ನೀರನ್ನು ಸುಲಭವಾಗಿ ಕೆಳಕ್ಕೆ ಬಿಡಲ್ಲ. ಎರಡರ ನಡುವೆ ನಿಂತ ನೀರಿಗೆ ಸುರಂಗ ಕೊರೆದು ದಾರಿ ಮಾಡಿಕೊಟ್ಟರೆ ಅದು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಕಷ್ಟ ಇರೋದು ಇಳಿಜಾರಿನಲ್ಲಿ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಸರ್ವೇ ಲ್ಯಾಬಿನಲ್ಲಿ ಆಟೋ ಲೆವೆಲ್ ಇಟ್ಟುಕೊಂಡೂ ರೀಡಿಂಗ್ ತಪ್ಪಿಸೋ ನಾವು, ಅವರು ಕತ್ತಲೆಯಲ್ಲಿ ಇದನ್ನು ಹೇಗೆ ಸಾಧಿಸಿದರು ಅಂತ ಯೋಚಿಸಬೇಕು.

ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಇಳಿದ ಬಾವಿಗಳಿವೆ. ಕೊರೆಯುವಾಗ ಮಣ್ಣು ಎತ್ತಲು, ಕೆಲಸದವರಿಗೆ ಗಾಳಿ ಕೊಡಲು, ಆಮೇಲೆ ನೀರು ಸೇದಲು. ಊರು ಬೆಳೆದಂತೆ ಇವುಗಳಲ್ಲಿ ಕೆಲವನ್ನು ಕಸ, ಮಣ್ಣು ಹಾಕಿ ಮುಚ್ಚಿಬಿಟ್ಟರು. ಹೊರಗೆ ನೋಡೋರಿಗೆ ಅದು ಬರೀ ಒಂದು ಹಳೇ ಗುಂಡಿ. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಕಾಳಜಿ ಬೇಕಾದ ತಾಣಗಳ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿತು. ಕರೇಜಿನ ಹೂಳೆತ್ತುವ ಕೆಲಸವೂ ನಡೆಯಿತು. ಆದರೆ ಹೂಳು ತೆಗೆದರೆ ಸಾಲದು. ಮೇಲಿನ ಬಯಲೆಲ್ಲ ಕಾಂಕ್ರೀಟ್ ಆದರೆ ಮಳೆ ನೀರು ಇಂಗೋದು ಎಲ್ಲಿ? ಸುತ್ತ ಬೋರ್‌ವೆಲ್ ಹಾಕುತ್ತಾ ಹೋದರೆ ಸುರಂಗಕ್ಕೆ ಉಳಿಯೋದು ಏನು? ಇನ್ನು ನಾಲ್ಕು ವರ್ಷಕ್ಕೆ ಅಲ್ಲಿನ ಲೇಔಟ್‌ಗಳ ನಕ್ಷೆ ಬರೆಯೋರು ನಮ್ಮಲ್ಲೇ ಯಾರೋ ಆಗಿರ್ತಾರೆ.

ಹೋಗೋದಾದರೆ ಮಳೆಗಾಲ ಮುಗಿಯುವಾಗ ಹೋಗಿ. ಬೆಳಿಗ್ಗೆ ಕೋಟೆ, ಲಾಲ್‌ಬಾಗ್. ಆಮೇಲೆ ಆಟೋ ಹಿಡಿದು ನೌಬಾದ್. ಎರಡನ್ನೂ ಒಂದೇ ದಿನ ನೋಡಿದರೇ ಚೆಂದ. ಬಾವಿಯ ಅಂಚಿಗೆ ತೀರಾ ಹತ್ತಿರ ಹೋಗಬೇಡಿ, ಜಂಬಿಟ್ಟಿಗೆ ಒದ್ದೆಯಾದಾಗ ಜಾರುತ್ತದೆ.