ಪುಣೆಯ ಡಬ್ಬಿ, ಮಲೆನಾಡಿನ ಪರದೆ

ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಕತೆ ಎಂದರೆ ಬಹುಪಾಲು ಪಿ.ಕೆ. ನಾಯರ್ ಅವರ ಕತೆಯೇ. 1964ರಲ್ಲಿ ಸಂಸ್ಥೆ ಶುರುವಾಯಿತು. ಮರುವರ್ಷ ಅಲ್ಲಿ ಸೇರಿದ ನಾಯರ್ 1991ರವರೆಗೆ ದುಡಿದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’, ‘ಕಾಲಿಯ ಮರ್ದನ’ಗಳಲ್ಲಿ ಅಳಿದುಳಿದ ಸುರುಳಿಗಳನ್ನು ಕಾಪಾಡಿದವರು ಇವರು. ನಿವೃತ್ತಿಯ ಹೊತ್ತಿಗೆ ಸುಮಾರು 12,000 ಚಿತ್ರಗಳು ಕೂಡಿದ್ದವು. ಕತ್ತಲಲ್ಲೇ ಪುಸ್ತಕ ಬಿಡಿಸಿ ರೀಲು ರೀಲಿಗೂ ಟಿಪ್ಪಣಿ ಬರೆಯುತ್ತಿದ್ದ ಈ ಮನುಷ್ಯನನ್ನು 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರ ಪ್ರೀತಿಯಿಂದ ಹಿಡಿದಿಟ್ಟಿದೆ. ಕೂಡಿಟ್ಟದ್ದು ದೊಡ್ಡದು, ನಿಜ. ಆದರೆ ಕೂಡಿಟ್ಟದ್ದನ್ನು ಹೊರಗೆ ಕಳಿಸಿದ್ದು ಅದಕ್ಕಿಂತ ದೊಡ್ಡದು. ಕನ್ನಡಿಗರಿಗೆ ಅವರು ಮುಖ್ಯರಾಗುವುದು ಅಲ್ಲಿಯೇ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಸುತ್ತ ಅಡಿಕೆ ತೋಟ, ಗುಡ್ಡ, ಬಿಡದ ಮಳೆ. ಅಲ್ಲಿಗೆ ಪುಣೆಯಿಂದ 16 ಎಂ.ಎಂ. ಡಬ್ಬಿಗಳು ಬಂದವು, ರಸಗ್ರಹಣ ಶಿಬಿರಗಳಿಗೆ ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್, ನಾಯರ್ ಬಂದರು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ಗಳನ್ನು ರೈತರು, ಕೂಲಿಯವರು, ಮೇಷ್ಟರುಗಳು ನೋಡಿದರು. ಬಂಗಾಳಿ, ಇಟಾಲಿಯನ್, ಜಪಾನಿ ಮಾತು ಅವರಿಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಅಡಿಬರಹ ಓದಬಲ್ಲವರೂ ಕೆಲವರೇ. ಚಿತ್ರದ ಹಿಂದೆ ಮುಂದೆ ಕನ್ನಡದಲ್ಲಿ ನಡೆದ ಪರಿಚಯ, ಚರ್ಚೆ ಆ ಕೊರತೆ ತುಂಬಿತು. ಎಷ್ಟೋ ವರ್ಷಗಳ ಮೇಲೂ ಹಳ್ಳಿಯವರು ಆ ಚಿತ್ರಗಳನ್ನು ನೆನೆದು ಮಾತಾಡುವುದನ್ನು ಆ ಸಾಕ್ಷ್ಯಚಿತ್ರದಲ್ಲೇ ಕಾಣಬಹುದು.

ಇದೇ ಕಾಲಕ್ಕೆ ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಡಬ್ಬಿಂಗ್ ವಿರುದ್ಧ ಹೂಡಿದ ಚಳವಳಿಗೆ ತಕ್ಕ ಕಾರಣವಿತ್ತು: ಪರಭಾಷೆಯ ಚಿತ್ರಗಳ ನಡುವೆ ಕನ್ನಡದ ಕಲಾವಿದರಿಗೆ ಅನ್ನ ಬೇಕಿತ್ತು. ಭಾರತದಲ್ಲಿ ಮೊದಲಿಗೆ ಡಬ್ ಆದದ್ದು ಎ.ವಿ. ಮೆಯ್ಯಪ್ಪನ್ ಅವರ ಕನ್ನಡ ‘ಹರಿಶ್ಚಂದ್ರ’, 1944ರಲ್ಲಿ, ತಮಿಳಿಗೆ. ಹೀಗೆ ದಾರಿ ತೋರಿದ ನುಡಿಯೇ ಆ ದಾರಿಯನ್ನು ದಶಕಗಳ ಕಾಲ ಬಿಟ್ಟಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸಲ್ಲದೆಂದಿತು. ಈಗ ಡಬ್ ಆದ ಚಿತ್ರಗಳು ಎಗ್ಗಿಲ್ಲದೆ ಬರುತ್ತಿವೆ. ಓದು ಬಾರದವರಿಗೂ ತಮ್ಮ ನುಡಿಯಲ್ಲಿ ಚಿತ್ರ ಸಿಗಬೇಕೆಂಬ ವಾದ ಒಪ್ಪತಕ್ಕದ್ದೇ. ಆದರೆ ಡಬ್ಬಿಂಗ್ ಮಾರುಕಟ್ಟೆಯ ಹಿಂದೆ ಹೋಗುತ್ತದೆ. ದೊಡ್ಡ ನಾಯಕನ ಚಿತ್ರ ಸಿರಸಿ, ಮಡಿಕೇರಿಗಳಿಗೆ ಕನ್ನಡದಲ್ಲಿ ಮುಟ್ಟೀತು. ‘ರಾಶೋಮನ್’ ಮಾಡಿದ ಕುರೊಸಾವಾಗೆ ಅಲ್ಲಿ ಕನ್ನಡದ ದನಿ ಕೊಡಿಸಲು ಯಾವ ನಿರ್ಮಾಪಕನೂ ಹಣ ಹೂಡಲಾರ. ಆ ಜಾಗವನ್ನು ತುಂಬಿದ್ದು ಸಾರ್ವಜನಿಕ ಸಂಗ್ರಹಾಲಯ ಮತ್ತು ಊರಿನದೇ ಒಂದು ದನಿ.

ಹೆಗ್ಗೋಡಿಗೆ ಸುಬ್ಬಣ್ಣ ಇದ್ದರು, ಎಲ್ಲ ಊರಿಗೂ ಅಂಥವರು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಅಂಥವರನ್ನು ತಯಾರು ಮಾಡಲೆಂದೇ ಶಿಬಿರಗಳು ನಡೆದದ್ದು. ಸಂಗ್ರಹಾಲಯದ ಕೆಲಸ ಕಾಪಿಡುವುದು, ಹಂಚುವುದಲ್ಲ ಎಂಬುದು ಇನ್ನೊಂದು ಮಾತು. 2003ರ ಬೆಂಕಿಯಲ್ಲಿ ಪುಣೆಯ ಹಳೆಯ ನೈಟ್ರೇಟ್ ಸುರುಳಿಗಳು ಬೂದಿಯಾದದ್ದನ್ನು ನೆನೆದರೆ ಈ ಆತಂಕ ಸುಳ್ಳಲ್ಲ. ಆದರೆ ಹಂಚುವ ಪ್ರತಿ ಬೇರೆ, ಕಾಪಿಡುವ ಪ್ರತಿ ಬೇರೆ. ನಾಯರ್ ಎರಡನ್ನೂ ನಡೆಸಿದರು. ಅವರು 2016ರಲ್ಲಿ ತೀರಿಕೊಂಡರು. 2022ರಲ್ಲಿ ಸಂಗ್ರಹಾಲಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ಹಳೆಯ ಚಿತ್ರಗಳು ಡಿಜಿಟಲ್ ರೂಪ ಪಡೆಯುತ್ತಿವೆ. ಭಾರದ ಡಬ್ಬಿ, ಬಸ್ಸಿನ ಸಾಗಣೆ, ಪ್ರೊಜೆಕ್ಟರಿನ ರಿಪೇರಿ ಯಾವುದೂ ಈಗ ಅಡ್ಡಿಯಲ್ಲ. ಘಟ್ಟದ ಊರುಗಳಿಗೆ ಮತ್ತೆ ಚಿತ್ರ ಕಳಿಸಲು, ಜೊತೆಗೆ ಕನ್ನಡದಲ್ಲಿ ಅದನ್ನು ಪರಿಚಯಿಸಬಲ್ಲ ಹತ್ತಾರು ಮಂದಿಯನ್ನು ಅಣಿಗೊಳಿಸಲು ಪುಣೆಯಲ್ಲಿ ಒಂದು ನಿರ್ಧಾರವಾಗಬೇಕು. ಅದನ್ನು ಕೇಳಿ ಪಡೆಯುವ ಕೆಲಸ ನಮ್ಮ ಚಿತ್ರಸಮಾಜಗಳದ್ದು, ಕರ್ನಾಟಕ ಚಲನಚಿತ್ರ ಅಕಾಡೆಮಿಯದ್ದು.