ಕಡಲ ತಡಿಯಲ್ಲಿ ಮನೆ

ಗೋಕರ್ಣಕ್ಕೋ ಮಲ್ಪೆಗೋ ಹೋಗಿ ಬಂದವರಿಗೆ, ಕಡಲ ತಡಿಯಲ್ಲಿ ತಮ್ಮದೂ ಒಂದು ಮನೆಯಿದ್ದರೆ ಎಷ್ಟು ಚೆನ್ನ ಎಂಬ ಆಸೆ ಹುಟ್ಟುವುದು ಸಹಜ. ವಾಚಕರೇ, ಆಸೆ ತಪ್ಪಲ್ಲ. ಆದರೆ ಮುಂಗಡ ಕೊಡುವ ಮೊದಲು ಕಡಲ ಸ್ವಭಾವವನ್ನು ಅರಿತಿರಬೇಕು.

ದಂಡೆಯ ಮರಳದಿಬ್ಬ ಬರಿಯ ಗುಡ್ಡೆಯಲ್ಲ. ಮಳೆಗಾಲದ ಅಲೆಗಳು ಅದರ ಮರಳನ್ನು ಎಳೆದೊಯ್ಯುತ್ತವೆ. ಬೇಸಗೆಯ ಅಲೆಗಳು ತಿರುಗಿ ತಂದು ಹಾಕುತ್ತವೆ. ದಿಬ್ಬವನ್ನು ಅಗೆದು ಗೋಡೆ ಎಬ್ಬಿಸಿದರೆ ಈ ಕೊಡುಕೊಳೆ ಕೆಟ್ಟು, ನೆರೆಯವರ ದಂಡೆಯೂ ಕೊರೆದುಹೋಗುತ್ತದೆ. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕಟ್ಟಡಗಳಿಗೆ ಕೇಂದ್ರ ಸರ್ಕಾರ 1991ರಲ್ಲಿ ಕಟ್ಟುಪಾಡು ವಿಧಿಸಿತು. 2019ರಲ್ಲಿ ಅದು ಕೆಲಮಟ್ಟಿಗೆ ಸಡಿಲವಾಯಿತು, ಇಲ್ಲವಾಗಲಿಲ್ಲ. ನಿಯಮ ಮೀರಿ ಕಟ್ಟಿದ, ಕೊಚ್ಚಿಯ ಬಳಿಯ ಮರಡಿನ ನಾಲ್ಕು ವಸತಿ ಸಂಕೀರ್ಣಗಳನ್ನು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2020ರ ಜನವರಿಯಲ್ಲಿ ಮದ್ದಿಟ್ಟು ಕೆಡವಿದರು. ಹಣ ತೆತ್ತು ಒಕ್ಕಲಾಗಿದ್ದವರು ಮನೆ ತೊರೆಯಬೇಕಾಯಿತು.

ಇನ್ನು ನೀರು. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಪಂಪು ಹಚ್ಚಿ ಮಿತಿಮೀರಿ ಎತ್ತಿದರೆ ಉಪ್ಪು ಮೇಲೇರಿ, ಪಕ್ಕದ ಮೊಗವೀರರ ಬಾವಿಯೂ ಕೆಡುತ್ತದೆ. ಪರಿಹಾರ ಮಾಡಿನ ಮೇಲೆಯೇ ಉಂಟು. 100 ಚದರ ಮೀಟರಿನ ಮಾಡಿನ ಮೇಲೆ 3000 ಮಿಲಿಮೀಟರು ಮಳೆ ಸುರಿದರೆ ಅದು 3 ಲಕ್ಷ ಲೀಟರು ನೀರು. ನಮ್ಮ ಕರಾವಳಿಯಲ್ಲಿ ಅಷ್ಟು ಮಳೆ ಸಾಮಾನ್ಯ. ಹಿಡಿದಿಡಿ, ಉಳಿದದ್ದನ್ನು ನೆಲಕ್ಕೆ ಇಂಗಿಸಿ.

ಕಟ್ಟುವುದಕ್ಕೆ ಹಿರಿಯರ ಮನೆಯೇ ಮಾದರಿ: ಮುರಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡು, ಮಳೆ ಬಿಸಿಲುಗಳನ್ನು ತಡೆಯುವ ಅಗಲವಾದ ಸೂರು, ಗಾಳಿಯಾಡುವ ಜಗಲಿ.

ಪರಿಸರಸ್ನೇಹಿ ಎಂಬ ಹಲಗೆ ತೂಗಿದ ಮಾತ್ರಕ್ಕೆ ಮನೆ ಹಾಗಾಗದು. ದಿಬ್ಬ ಉಳಿದಿದೆಯೆ? ನೀರು ಎಲ್ಲಿಂದ? ಕೊಳೆನೀರು ಎಲ್ಲಿಗೆ? ಈ ಮೂರನ್ನು ಕೇಳಿ, ಅನುಮತಿಪತ್ರವನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಿ.