ತಾತನ ಕಿರೀಟ ಎಲ್ಲಿ ಹೋಯ್ತು?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಒಂದು ಫೋಟೋ ಬಗ್ಗೆ ಮಾತಾಡೋಣ. ಸಿನಿಮಾ ತಾರೆಯದ್ದಲ್ಲ, ಕೇಳಿಕೆಯಲ್ಲಿ ರಾಜನ ವೇಷ ಹಾಕಿದ ಒಬ್ಬ ರೈತನ ಫೋಟೋ.

ಮುಳಬಾಗಿಲು ಕಡೆಯ ಯುವಕರೊಬ್ಬರು ಫೋನ್ ಮಾಡಿದ್ದರು. "ಸಾರ್, ನಮ್ಮ ತಾತ ದುರ್ಯೋಧನನ ವೇಷ ಹಾಕ್ತಿದ್ರು. ಹದಿನೈದು ವರ್ಷದ ಹಿಂದೆ ಅದರ ಫೋಟೋ ಇಂಟರ್ನೆಟ್ಟಿಗೆ ಹಾಕಿದ್ದೆ. ಈಗ ಆ ವೆಬ್‌ಸೈಟೇ ಇಲ್ಲ. ಊರಲ್ಲಿ ಮತ್ತೆ ಕೇಳಿಕೆ ಆಡಿಸಬೇಕು ಅಂತಿದ್ದೀವಿ. ಕಿರೀಟ, ಭುಜಕೀರ್ತಿ ಹೇಗಿತ್ತು ಅಂತ ತೋರಿಸೋಕೆ ಇದ್ದದ್ದು ಅದೊಂದೇ. ನೀವು ಎಂಜಿನಿಯರಿಂಗ್ ಓದಿದೋರು, ಹುಡುಕಿಕೊಡಿ."

ಕೋಲಾರ, ಮಾಲೂರು, ಶ್ರೀನಿವಾಸಪುರದವರಿಗೆ ಕೇಳಿಕೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಇದು ಮೂಡಲಪಾಯ ಯಕ್ಷಗಾನ. ಭಾಗವತರ ಹಾಡು, ಮದ್ದಳೆ, ಮುಖವೀಣೆ, ರಾತ್ರಿಯಿಡೀ ಆಟ. ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಅಂಟಿಸಿದ ಆಭರಣಗಳು. ನೋಡಿ, ಚಿನ್ನದ ಗಣಿ ಇದ್ದ ಜಿಲ್ಲೆಯಲ್ಲಿ ರಾಜನ ಕಿರೀಟ ಮಾತ್ರ ಮರದ್ದು! ಈ ಮನೆಯ ಕಿರೀಟವನ್ನ ಗೆದ್ದಲು ತಿಂದುಹಾಕಿತ್ತು. ಹಾಗಾಗಿ ಫೋಟೋನೇ ಗತಿ.

ನಾವು ಮಾಡುವ ಮೊದಲ ತಪ್ಪು ಏನು ಗೊತ್ತಾ? ಗೂಗಲ್ ಅನ್ನು ಉಗ್ರಾಣ ಅಂದುಕೊಳ್ಳೋದು. ಅದು ಉಗ್ರಾಣ ಅಲ್ಲ, ವಿಳಾಸದ ಪುಸ್ತಕ. ಮನೆಯೇ ಬಿದ್ದುಹೋದ ಮೇಲೆ ವಿಳಾಸ ಇಟ್ಟುಕೊಂಡು ಏನು ಮಾಡೋದು? ಒಂದು ತಮಾಷೆ ಹೇಳ್ತೀನಿ. 2000ದ ಗ್ರ್ಯಾಮಿ ಸಮಾರಂಭಕ್ಕೆ ಜೆನಿಫರ್ ಲೋಪೆಜ್ ಒಂದು ಹಸಿರು ಉಡುಪು ತೊಟ್ಟು ಬಂದರು. ಜನ ಅದನ್ನ ನೋಡೋಕೆ ಗೂಗಲ್‌ಗೆ ಮುಗಿಬಿದ್ದರು. ಆಗ ಗೂಗಲ್ ತೋರಿಸ್ತಿದ್ದದ್ದು ಬರೀ ಅಕ್ಷರ. ಈ ಬೇಡಿಕೆಯಿಂದಲೇ 2001ರಲ್ಲಿ ಚಿತ್ರ ಹುಡುಕುವ ಸೌಲಭ್ಯ ಬಂತು. ಅಂದರೆ ಅದು ಹುಟ್ಟಿದ್ದೇ ಒಂದು ಉಡುಪಿನಿಂದ!

ಆದರೆ ಇಂಟರ್ನೆಟ್ಟಿಗೆ ಹಾಕಿದ್ದು ಶಾಶ್ವತ ಅನ್ನೋದು ಸುಳ್ಳು. ನಮ್ಮ ತಲೆಮಾರಿನವರು ಮುಳುಗಿ ಎದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಫೋಟೋ ಇಳಿಸಿಕೊಳ್ಳೋಕೆ 2016ರ ಸೆಪ್ಟೆಂಬರ್‌ವರೆಗೆ ಅವಕಾಶ ಇತ್ತು. ಎಷ್ಟು ಜನ ಇಳಿಸಿಕೊಂಡ್ವಿ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷದಲ್ಲಿ ಇಲ್ಲವಾಗಿದ್ದವು.

ಹಾಗಾದರೆ ದಾರಿ? ಇಂಟರ್ನೆಟ್ ಆರ್ಕೈವ್ ಅನ್ನೋ ಸಂಸ್ಥೆ 1996ರಿಂದ ವೆಬ್ ಪುಟಗಳ ನಕಲು ತೆಗೆದಿಡುತ್ತಿದೆ. ಅದರ 'ವೇಬ್ಯಾಕ್ ಮೆಷಿನ್' ಎಲ್ಲರಿಗೂ ಉಚಿತ. ಆದರೆ ಹಳೆಯ ಪುಟದ ವಿಳಾಸ ಬೇಕು. ಯುವಕರ ಹಳೆಯ ಇಮೇಲ್‌ನಲ್ಲಿ, ಯಾರೋ ಫೋಟೋ ಮೆಚ್ಚಿದ್ದಾರೆ ಅಂತ ಬಂದಿದ್ದ ಸಂದೇಶದಲ್ಲಿ, ಆ ವಿಳಾಸ ಸಿಕ್ಕಿತು. ಹಾಕಿ ನೋಡಿದ್ವಿ. ಪುಟ ಬಂತು! 'ನಮ್ಮ ತಾತ' ಅನ್ನೋ ಅಕ್ಷರವೂ ಇತ್ತು. ಫೋಟೋ ಜಾಗದಲ್ಲಿ ಮಾತ್ರ ಖಾಲಿ ಚೌಕ.

ಯಾಕೆ ಹೀಗೆ? ಪುಟ ಬೇರೆ, ಫೋಟೋ ಬೇರೆ. ಎರಡೂ ಬೇರೆ ಬೇರೆ ಫೈಲುಗಳು, ಎಷ್ಟೋ ಸಲ ಬೇರೆ ಬೇರೆ ಸರ್ವರ್‌ಗಳಲ್ಲಿ ಇರುತ್ತವೆ. ನಕಲು ತೆಗೆಯುವಾಗ ಪುಟ ಸಿಕ್ಕಿ ಚಿತ್ರ ತಪ್ಪಿಹೋಗಬಹುದು. ಇನ್ನು ಚಿತ್ರ ಕೊಟ್ಟು ಚಿತ್ರ ಹುಡುಕುವ ವಿಧಾನ ಇದೆ. ಅದಕ್ಕೆ ಮೊದಲು ಚಿತ್ರ ಬೇಕಲ್ಲ! ಕಳೆದುಹೋದ ಬೀಗದ ಕೈ ತೋರಿಸು, ಹುಡುಕಿಕೊಡ್ತೀನಿ ಅಂದ ಹಾಗಾಯ್ತು.

ಆಗ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. "ಇಂಟರ್ನೆಟ್ ಬಿಡಿ. ಆವತ್ತು ಈ ಫೋಟೋನ ಯಾರಿಗೆಲ್ಲ ಕಳಿಸಿದ್ರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಅತ್ತೆಗೆ ಬ್ಲೂಟೂತ್‌ನಲ್ಲಿ ಕಳಿಸಿದ್ದೆ." ಶ್ರೀನಿವಾಸಪುರದ ಅತ್ತೆ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ, ಹಳೆಯ ಕೀಪ್ಯಾಡ್ ಫೋನ್ ಸಿಕ್ಕಿತು. ಅದರ ಮೆಮೊರಿ ಕಾರ್ಡಿನಲ್ಲಿ ತಾತ ನಿಂತಿದ್ದರು, ಗದೆ ಹಿಡಿದುಕೊಂಡು.

ಫೋಟೋ ಚಿಕ್ಕದು, ಮಸುಕು. ಆಕಾರ ತಿಳೀತು, ಬಣ್ಣ ತಿಳೀಲಿಲ್ಲ. ಆಗ ಊರಿನಲ್ಲಿ ತಾತನಿಗೆ ವೇಷ ಕಟ್ಟುತ್ತಿದ್ದ ಹಿರಿಯರೊಬ್ಬರಿಗೆ ತೋರಿಸಿದರು. ಅವರು ಕಣ್ಣು ಕಿರಿದು ಮಾಡಿ ನೋಡಿ, "ಅಂಚಿಗೆ ಹಸಿರು, ನಡುವೆ ಕನ್ನಡಿ ಚೂರು. ಎಡಗಡೆ ಭುಜಕೀರ್ತಿ ಒಡೆದಿತ್ತು, ನಾನೇ ದಾರ ಕಟ್ಟಿದ್ದೆ" ಅಂದರಂತೆ. ಯಾವ ಸರ್ಚ್ ಎಂಜಿನ್ ಇದನ್ನ ಹೇಳುತ್ತೆ, ಹೇಳಿ?

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇರಬಹುದು. ಮೂರು ಕಡೆ ಇಡಿ, ಒಂದು ಮನೆಯ ಹೊರಗಿರಲಿ. ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತೆ. ಫೈಲಿಗೆ ಹೆಸರು, ಊರು, ಇಸವಿ, ಪಾತ್ರ ಬರೆದಿಡಿ.

ಅದಕ್ಕಿಂತ ಮೊದಲು, ಆ ಫೋಟೋ ನೋಡಿ ಬಣ್ಣ ಹೇಳಬಲ್ಲವರು ಮನೆಯಲ್ಲಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಅವರ ನೆನಪಿಗೆ ಬ್ಯಾಕಪ್ ಇಲ್ಲ.